ಬಿಟ್ಟುಹೋದವರು ಕಟ್ಟಿದ ಮನೆ: ತುಂಗಭದ್ರೆಯ ಗಡಿಸೀಮೆಯಲ್ಲಿ ವಿದ್ಯಾರ್ಥಿ ಬಳಗಗಳು ಮತ್ತೆ ನಿಂತ ಬಗೆ

ಸಿ. ಬೆಳಗಲ್‌ನಿಂದ ಮಂತ್ರಾಲಯದ ಕಡೆಗೆ ತುಂಗಭದ್ರೆಯ ದಕ್ಷಿಣ ದಡ ಹಿಡಿದು ಹೋದರೆ ಆಚೆ ದಡದಲ್ಲಿ ಇವತ್ತು ಕೆಲವೆಡೆ ತೆಲಂಗಾಣ, ಕೆಲವೆಡೆ ಕರ್ನಾಟಕ. 1948ರ ಸೆಪ್ಟೆಂಬರಿನವರೆಗೆ ಆಚೆಯದೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನ, ಈಚೆಯದು ಮದ್ರಾಸ್ ಪ್ರಾಂತ್ಯ. ಒಂದೇ ನದಿಯ ನೀರು ಕುಡಿದವರಿಗೆ ಎರಡು ನಾಣ್ಯ, ಎರಡು ಕಾನೂನು, ಎರಡು ಬಗೆಯ ಶಾಲೆ. ಈ ಸೀಮೆಯ ಶಿಕ್ಷಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸಂಸ್ಥೆಗಳ ಸ್ಥಾಪನೆಯ ವರ್ಷ, ದಾನಿಗಳ ಹೆಸರು ಕೊಟ್ಟು ಮುಗಿಸುತ್ತಾರೆ. ಸಂಸ್ಥೆ ಒಮ್ಮೆ ಮುರಿದುಬಿದ್ದ ಮೇಲೆ ಮತ್ತೆ ಹೇಗೆ ಎದ್ದಿತು, ಯಾರು ಎತ್ತಿ ನಿಲ್ಲಿಸಿದರು ಎಂಬುದು ಅಂಥ ಬರಹಗಳಲ್ಲಿ ಕಾಣುವುದು ಕಡಿಮೆ. ಈ ಲೇಖನ ಆ ಪ್ರಶ್ನೆಯನ್ನು ಹಿಡಿದು ಹೊರಟಿದೆ.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ವಿದ್ಯಾರ್ಥಿ ಬಳಗಗಳಿವೆ. 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಅವುಗಳಿಗೆ ಮೂಲ. ಅಲ್ಲಿ ಎಷ್ಟೋ ಬಳಗಗಳ ಮನೆ ಈಗಿನ ಹುಡುಗರದಲ್ಲ, ಹಳೆಯ ವಿದ್ಯಾರ್ಥಿಗಳ ಒಡೆತನದ್ದು. ಆದ್ದರಿಂದ ಒಂದು ಶಾಖೆ ಸಾಲದಿಂದಲೋ ಶಿಸ್ತುಕ್ರಮದಿಂದಲೋ ಮುಚ್ಚಿಹೋದರೂ ಮನೆ ಉಳಿದಿರುತ್ತದೆ, ಮತ್ತೆ ಬಾಗಿಲು ತೆರೆಯಲು ಸಾಧ್ಯವಾಗುತ್ತದೆ. ನಮ್ಮಲ್ಲಿ ಆ ಜಾಗದಲ್ಲಿದ್ದದ್ದು ಮಠದ ಪ್ರಸಾದನಿಲಯ, ಜಾತಿ ಸಂಘದ ಹಾಸ್ಟೆಲು, ರಾಷ್ಟ್ರೀಯ ಶಾಲೆ. ಇವುಗಳ ಒಡೆತನ ಹಳೆಯ ವಿದ್ಯಾರ್ಥಿಗಳದ್ದಲ್ಲ. ಆದರೂ ಕಷ್ಟ ಬಂದಾಗ ಹೆಗಲು ಕೊಟ್ಟವರು ಬಹುಪಾಲು ಅವರೇ ಎಂಬುದು ನನ್ನ ವಾದ. ಅವರಿಲ್ಲದ ಕಡೆ ಎಷ್ಟೇ ದೊಡ್ಡ ವ್ಯಕ್ತಿ ಕಟ್ಟಿದ ಸಂಸ್ಥೆಯೂ ಆ ವ್ಯಕ್ತಿಯೊಡನೆ ಸೊರಗಿತು.

ಈ ವ್ಯತ್ಯಾಸವನ್ನು ಪಂಡಿತ ತಾರಾನಾಥರ ಎರಡು ಸಂಸ್ಥೆಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಾರೆವು. ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿದ ತಾರಾನಾಥರು ಹೈದರಾಬಾದಿನಲ್ಲಿ ವೈದ್ಯ ಓದಿ ರಾಯಚೂರಿಗೆ ಬಂದವರು. ಇಂದಿನ ಓದುಗರಲ್ಲಿ ಹಲವರು ಅವರನ್ನು ಸರೋದ್ ವಾದಕ ರಾಜೀವ ತಾರಾನಾಥರ ತಂದೆ ಎಂದಷ್ಟೇ ಬಲ್ಲರು. ಇದು ನಮ್ಮ ನೆನಪಿನ ಬಡತನ. 1920ರ ದಶಕದ ಆರಂಭದಲ್ಲಿ ಅವರು ರಾಯಚೂರಿನಲ್ಲಿ ಹಮ್‌ದರ್ದ್ ರಾಷ್ಟ್ರೀಯ ಶಾಲೆಯನ್ನು ತೆರೆದರು. ಹಿಂದೂ ಮುಸ್ಲಿಂ ಹುಡುಗರು ಒಂದೇ ಬೆಂಚಿನ ಮೇಲೆ ಕೂತು ಕಲಿಯಬೇಕೆಂಬುದು ಅವರ ಹಟ. ಅದಕ್ಕೆ ಕಾಲ ಅನುಕೂಲವಾಗಿರಲಿಲ್ಲ. ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು; 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಕನ್ನಡ, ಮರಾಠಿ, ತೆಲುಗು ಮಕ್ಕಳಿಗೆ ಉಳಿದದ್ದು ಊರವರೇ ನಡೆಸುತ್ತಿದ್ದ ಖಾನಗಿ ಶಾಲೆಗಳು. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯ ಅಂಥದ್ದು. 1924ರ ಸುಮಾರಿಗೆ ಸರ್ಕಾರ ಖಾನಗಿ ಶಾಲೆಗಳಿಗೆ ಮುಂಗಡ ಅನುಮತಿ ಕಡ್ಡಾಯ ಮಾಡಿತು. ಅನುಮತಿಗೆ ಅರ್ಜಿ ಹಾಕುವುದೆಂದರೆ ಶಾಲೆ ನಡೆಸುವವರ ಹೆಸರು, ಹಣದ ಮೂಲ, ಪಾಠದ ವಿಷಯ ಎಲ್ಲವನ್ನೂ ಪೊಲೀಸರ ಕಣ್ಣಿಗೆ ಒಡ್ಡಿದಂತೆ. ಊರೂರಿನ ಸಣ್ಣ ಶಾಲೆಗಳು ಸದ್ದಿಲ್ಲದೆ ಮುಚ್ಚಿದವು.

ತಾರಾನಾಥರೂ ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿ ರಾಯಚೂರು ಬಿಡಬೇಕಾಯಿತು. ಅವರು ಹೋದದ್ದು ಮಾತ್ರ ದೂರಕ್ಕಲ್ಲ. 1871ರಲ್ಲಿ ಮುಂಬಯಿ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ್ದವು. ಅಲ್ಲಿಂದ ರೈಲು ಹತ್ತಿ ಸೇತುವೆ ದಾಟಿದರೆ ತುಂಗಭದ್ರಾ ಗ್ರಾಮ. ಇಂದಿನ ಮಂತ್ರಾಲಯಂ ರೋಡ್ ನಿಲ್ದಾಣ ಇರುವುದು ಅಲ್ಲೇ. ಅದೇ ರೈಲು ಮುಂದೆ ಕೋಸಿಗಿ, ಆದೋನಿಗೆ ಹೋಗುತ್ತದೆ. ನಿಜಾಮರ ಪೊಲೀಸರ ಕೈಗೆ ಸಿಗದ, ಆದರೆ ರಾಯಚೂರಿನ ಹುಡುಗನೊಬ್ಬ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಜಾಗ. ಅಲ್ಲಿ ಅವರು ಪ್ರೇಮಾಯತನ ಆಶ್ರಮ ಕಟ್ಟಿದರು. ರೋಗಿಗಳಿಗೆ ಚಿಕಿತ್ಸೆ, ಔಷಧಿ ತಯಾರಿ, ‘ಪ್ರೇಮ’ ಪತ್ರಿಕೆ, ಸಂಗೀತ, ನಾಟಕ ಎಲ್ಲವೂ ಅಲ್ಲಿ ನಡೆದವು. ನಟ ಬಳ್ಳಾರಿ ರಾಘವರು ಅಲ್ಲಿಗೆ ಬಂದುಹೋಗುತ್ತಿದ್ದರು. ತಾರಾನಾಥರ ಪ್ರಭಾವ ಅವರ ಮೇಲೆ ಆಳವಾಗಿತ್ತು.

1942ರಲ್ಲಿ ತಾರಾನಾಥರು ತೀರಿಕೊಂಡ ಮೇಲೆ ಆಶ್ರಮಕ್ಕೆ ಹಿಂದಿನ ಕಳೆ ಮರಳಲಿಲ್ಲ. ಸಂಸ್ಥಾಪಕರನ್ನು ಎಂದೋ ಕಳೆದುಕೊಂಡಿದ್ದ ರಾಯಚೂರಿನ ಶಾಲೆ ಮಾತ್ರ ಉಳಿಯಿತು. ಬರೀ ಉಳಿಯಲಿಲ್ಲ, ಬೆಳೆಯಿತು. ತಾರಾನಾಥ ಶಿಕ್ಷಣ ಸಂಸ್ಥೆ ಎಂಬ ಹೆಸರಿನಲ್ಲಿ ಅದು ಇಂದು ಎಲ್.ವಿ.ಡಿ. ಕಾಲೇಜನ್ನೂ ನಡೆಸುತ್ತಿದೆ. ಇದನ್ನು ವಿವರಿಸುವುದು ಹೇಗೆ? ಆಶ್ರಮಕ್ಕೆ ಬಂದವರು ಗುಣವಾಗಿ ಊರಿಗೆ ಮರಳುವ ರೋಗಿಗಳು, ಕೆಲಕಾಲ ಇದ್ದು ಹೋಗುವ ಕಲಾವಿದರು, ಭಕ್ತರು. ಅವರೆಲ್ಲರ ನಂಟು ತಾರಾನಾಥರೊಬ್ಬರ ಜೊತೆಗೆ. ಒಬ್ಬರಿಗೊಬ್ಬರ ನಂಟು ಕಡಿಮೆ. ಶಾಲೆಯ ಲೆಕ್ಕ ಬೇರೆ. ಅಲ್ಲಿ ಓದಿದವರು ಪ್ರತಿವರ್ಷ ಒಂದು ತರಗತಿಯಾಗಿ ಹೊರಬಿದ್ದು, ಅದೇ ಊರಿನಲ್ಲಿ, ಅದೇ ಜಿಲ್ಲೆಯಲ್ಲಿ ನೆಲೆ ನಿಂತರು. ರಾಯಚೂರು ಸೀಮೆಯ ಸ್ವಾತಂತ್ರ್ಯ ಹೋರಾಟಗಾರರ ಪೈಕಿ ಹಮ್‌ದರ್ದ್ ಶಾಲೆಯಲ್ಲಿ ಕಲಿತವರು ಹಲವರಿದ್ದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಉರ್ದು ಆಡಳಿತದ ಆ ಊರಿನಲ್ಲಿ ಕನ್ನಡ ಓದಿದ ತಲೆಮಾರೊಂದು ಆಗಲೇ ಸಿದ್ಧವಾಗಿತ್ತು. ಅದನ್ನು ಸಿದ್ಧಮಾಡಿದ್ದು ಇಂಥ ಶಾಲೆಗಳೇ.

ಬಳಗ ಪೂರ್ತಿ ಚದುರಿಹೋದ ಪ್ರಸಂಗವೊಂದಿದೆ. 1938ರ ನವೆಂಬರ್ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನ ಹಿಂದೂ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನಾ ಕೋಣೆಯಲ್ಲಿ ‘ವಂದೇ ಮಾತರಂ’ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ಹುಡುಗರು ಮುಷ್ಕರ ಹೂಡಿದರು. ಅದು ಕಲಬುರಗಿಯ ಇಂಟರ್‌ಮೀಡಿಯಟ್ ಕಾಲೇಜಿಗೂ ಹಬ್ಬಿತು. ನೂರಾರು ಜನರನ್ನು ಹೊರಹಾಕಿದರು. ಹಾಸ್ಟೆಲಿನ ಊಟ ನಿಂತಿತು, ಕೋಣೆ ಹೋಯಿತು, ವರ್ಷದ ಓದು ಮಣ್ಣುಪಾಲಾಯಿತು. ಆಗ ಅವರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ, ಕುಲಪತಿ ಟಿ.ಜೆ. ಕೇದಾರರು ಅವರನ್ನು ಸೇರಿಸಿಕೊಂಡರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಆ ಗುಂಪಿನಲ್ಲಿದ್ದರು. ಒಂದು ವಿಶ್ವವಿದ್ಯಾಲಯ ಕಳೆದುಕೊಂಡ ಬಳಗ ಇನ್ನೊಂದರಲ್ಲಿ ಒಟ್ಟಿಗೇ ಕೂತು ಓದಿತು ಎಂಬುದು ಇಲ್ಲಿ ಮುಖ್ಯ. ಒಬ್ಬೊಬ್ಬರಾಗಿ ಹೋಗಿದ್ದರೆ ಎಷ್ಟೋ ಜನ ಓದು ಬಿಟ್ಟು ಹೊಲಕ್ಕೆ ಮರಳುತ್ತಿದ್ದರು. 1947ರಲ್ಲಿ ನಿಜಾಮರ ವಿರುದ್ಧ ಮುಂಡರಗಿಯಂಥ ಕಡೆ ಗಡಿ ಶಿಬಿರಗಳು ಎದ್ದಾಗ ವಿದ್ಯಾರ್ಥಿಗಳು ಮತ್ತೊಮ್ಮೆ ತರಗತಿ ಬಿಟ್ಟರು.

ವಿದ್ಯಾರ್ಥಿಗಳ ಓದಿಗೆ ಹಣ ಹೊಂದಿಸುವ ದಾರಿಯನ್ನು ಮೊದಲೇ ಕಂಡುಕೊಂಡವರು ಧಾರವಾಡದವರು. 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರು ಅಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿ ಆರಂಭಿಸಿದರು. ಮುಂದೆ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ ಮೊದಲಾದವರು ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿ ತಮ್ಮ ಮೊದಲ ಹೈಸ್ಕೂಲಿಗೆ ಗಿಲಗಂಚಿ–ಅರಟಾಳ ಎಂದೇ ಹೆಸರಿಟ್ಟರು. ಜನ ಸಪ್ತರ್ಷಿಗಳೆಂದು ಕರೆದ ಈ ಏಳು ಮಂದಿಯಲ್ಲಿ ಬಹುಪಾಲು ಜನ ಸರ್ಕಾರಿ ನೌಕರಿ ಸಿಗುವ ಪದವಿ ಪಡೆದೂ ಕಡಿಮೆ ಸಂಬಳಕ್ಕೆ ಪಾಠ ಮಾಡಲು ನಿಂತವರು. ಹಿಂದಿನವರು ಹಾಕಿದ ಬಂಡವಾಳ ರೂಪಾಯಿಯಾಗಿ ಅಲ್ಲ, ಮೇಷ್ಟರಾಗಿ ಮರಳಿ ಬಂದಿತು.

ಇದೇ ಮಾತಿಗೆ ಎಚ್. ನರಸಿಂಹಯ್ಯನವರಿಗಿಂತ ದೊಡ್ಡ ಸಾಕ್ಷಿ ಬೇಡ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡ ಹುಡುಗ, ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರಿಗೆ ಬಂದು 1917ರಲ್ಲಿ ಆರಂಭವಾಗಿದ್ದ ನ್ಯಾಷನಲ್ ಹೈಸ್ಕೂಲು ಸೇರಿದ. 1936ರಲ್ಲಿ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಂದು ಹೇಳಿದವನು ಆ ಹುಡುಗನೇ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಕಂಡು, ಮರಳಿ ಬಂದು ಎಂ.ಎಸ್ಸಿ. ಮುಗಿಸಿ, 1946ರಲ್ಲಿ ತನ್ನ ಹಳೆಯ ಶಾಲೆಯವರೇ ಹಿಂದಿನ ವರ್ಷ ತೆರೆದಿದ್ದ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟರಾದರು. ಓಹಾಯೊದಲ್ಲಿ ಡಾಕ್ಟರೇಟ್ ಪಡೆದರು, ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೆ ವಾಸ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ, 2005ರ ಜನವರಿಯಲ್ಲಿ ಉಸಿರು ನಿಲ್ಲುವವರೆಗೆ. ಗೌರಿಬಿದನೂರಿನಲ್ಲಿ ಮತ್ತು ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿಯಲ್ಲಿ ಅವರು ಕಾಲೇಜು ತೆರೆಸಿದರು. ತಾನು ನಡೆದು ಬಂದ ದಾರಿಯಲ್ಲಿ ಮುಂದಿನ ಹುಡುಗರು ನಡೆಯಬೇಕಾಗದಂತೆ ಕಾಲೇಜನ್ನೇ ಅವರ ಊರಿಗೆ ಒಯ್ದರು.

ಈ ಎಲ್ಲ ಕಥೆಗಳ ಬೆಳಕಿನಲ್ಲಿ ಆದೋನಿ ಸೀಮೆಯನ್ನು ನೋಡಿದರೆ ಮನಸ್ಸು ಭಾರವಾಗುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಲ್ಲಿಯವರೆಗೆ ಆದೋನಿಯ ಹುಡುಗನಿಗೆ ಬಳ್ಳಾರಿ ಸ್ವಂತ ಜಿಲ್ಲಾ ಕೇಂದ್ರ. 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ ಅಲ್ಲಿ 1945ರಲ್ಲಿ ಕಾಲೇಜು ತೆರೆದಿತ್ತು. ಎಂಟೇ ವರ್ಷಕ್ಕೆ ಆ ಕಾಲೇಜು ಆದೋನಿಯವರಿಗೆ ಪರರಾಜ್ಯದ್ದಾಯಿತು. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ನೌಕರಿಯ ಮೀಸಲು ಇವೆಲ್ಲ ರಾಜ್ಯದ ಗಡಿಯೊಳಗೇ ಸಿಗುವಂಥವು. ಓದಿದವರು ಉದ್ಯೋಗ ಸಿಕ್ಕ ಕಡೆ ನೆಲೆ ನಿಂತರು. ಹೀಗೆ ರಾಯಚೂರಿಗೆ ದಕ್ಕಿದ್ದು, ಅಂದರೆ ಊರಲ್ಲೇ ಉಳಿದು ಶಾಲೆಗೆ ಕಾವಲಾಗುವ ಹಳೆಯ ವಿದ್ಯಾರ್ಥಿಗಳ ಸಾಲು, ಆದೋನಿಯ ಕನ್ನಡಕ್ಕೆ ದಕ್ಕಲಿಲ್ಲ. ಕನ್ನಡ ಶಾಲೆಗಳ ಕೊರತೆಗೆ ಜನ ಸರ್ಕಾರವನ್ನು ದೂರುತ್ತಾರೆ, ಅದರಲ್ಲಿ ನ್ಯಾಯವಿದೆ. ಆದರೆ ಓದಿದವರು ಗಡಿಯಾಚೆ ಹೋಗಿ ಸೇರಿದ್ದೂ ಅಷ್ಟೇ ದೊಡ್ಡ ಕಾರಣ ಎಂದು ನನಗೆ ತೋರುತ್ತದೆ.

ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಕನ್ನಡಿಗ ಎಂಬ ವರ್ಗವಿದೆ. ಆಂಧ್ರದ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಅದರ ಪಟ್ಟಿಯಲ್ಲಿವೆ. ನಿಗದಿತ ವರ್ಷ ಅಲ್ಲಿ ಓದಿದ, ಮನೆಮಾತು ಕನ್ನಡವಾದ ಹುಡುಗ ಅಥವಾ ಹುಡುಗಿ ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಎಂಜಿನಿಯರಿಂಗ್ ಸೀಟು ಪಡೆಯಬಹುದು. ಹೋಗುವವರಿಗೆ ಇದು ದೊಡ್ಡ ಉಪಕಾರ. ಹಾಗೆ ಹೋಗಿ ಡಾಕ್ಟರು, ಎಂಜಿನಿಯರು ಆದವರಿಗೆ ತಾವು ಕನ್ನಡ ಕಲಿತ ಶಾಲೆಯ ನಂಟನ್ನು ಮತ್ತೆ ಕಟ್ಟಿಕೊಡುವ ಕೆಲಸ ಬಾಕಿ ಇದೆ. ಅದಕ್ಕೆ ಬೇಕಾದ ದಾಖಲೆ ಆಯಾ ಶಾಲೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ: ಹೆಸರು, ತಂದೆಯ ಹೆಸರು, ಊರು, ಶಾಲೆ ಬಿಟ್ಟ ದಿನಾಂಕ. 1953ಕ್ಕೆ ಮೊದಲು ಬಳ್ಳಾರಿಯ ಹಾಸ್ಟೆಲುಗಳಲ್ಲಿ ಉಂಡು ಓದಿದ ಆದೋನಿ ತಾಲ್ಲೂಕಿನವರು ಇಂದು ತೊಂಬತ್ತರ ಆಸುಪಾಸಿನಲ್ಲಿರುತ್ತಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಬಳ್ಳಾರಿಯ ಮತ್ತು ಆದೋನಿಯ ಕಾಲೇಜುಗಳ ಇತಿಹಾಸ ವಿಭಾಗಗಳು ಒಟ್ಟಾಗಿ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.