ಹೊಳೆಯಾಚೆಯ ಸಂಸಾರದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಊರು ಬಿಟ್ಟು ನೋಡು ಎಂದು ಮೂರನೆಯದನ್ನು ಅವರು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಆ ಕಾಲದಲ್ಲಿ ಊರು ಬಿಡುವವರು ಅಪರೂಪವಾಗಿದ್ದಿರಬೇಕು. ಇಲ್ಲವೆ, ಬಿಟ್ಟು ಹೋದವರು ಲೆಕ್ಕ ಒಪ್ಪಿಸಲು ಮರಳಿ ಬಾರದೆ ಇದ್ದಿರಬೇಕು.

ಈ ಮಾತು ನೆನಪಿಗೆ ಬರಲು ಕಾರಣವಿದೆ. ಈಚೆಗೆ ಒಂದು ಬೆಳಗ್ಗೆ ನಮ್ಮ ಮಾಯಕೊಂಡದ ಶಾಲೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆ ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ಗೋವೆಯಲ್ಲಿ ಗಾರೆ ಕೆಲಸ ಸಿಕ್ಕಿದೆಯಂತೆ. ಕೂಲಿ ಇಲ್ಲಿಗಿಂತ ಹೆಚ್ಚು. "ಸಂಸಾರ ಸಮೇತ ಹೊಂಟೀವಿ ಸಾರ್. ಅಲ್ಲಿ ತಿಂಗಳಿಗೆ ಎಷ್ಟು ಬೇಕಾಗ್ತೈತೆ ಅಂತ ನೀವೇ ಒಂದು ಅಂದಾಜು ಹೇಳ್ರಿ" ಎಂದು ಕೇಳಿದರು. ನಾನು ಕನ್ನಡ ಪಂಡಿತ, ಗಣಿತದ ಮೇಷ್ಟ್ರಲ್ಲ. ಆದರೂ ಆ ಪ್ರಶ್ನೆಯನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಅದು ನಮ್ಮ ಸೀಮೆಯಲ್ಲಿ ಬಹಳ ಹಿಂದಿನಿಂದ ಕೇಳಿಬರುತ್ತಿರುವ ಪ್ರಶ್ನೆ.

ವಾಚಕರೆ, ದಾವಣಗೆರೆಯೇ ಊರು ಬಿಟ್ಟು ಬಂದವರು ಕಟ್ಟಿದ ಊರೆಂಬುದನ್ನು ತಾವು ಬಲ್ಲಿರಿ. ಬೇತೂರಿನ ಸೆರಗಿನಲ್ಲಿದ್ದ ಸಣ್ಣ ಹಳ್ಳಿಯನ್ನು ಹೈದರಾಲಿಯು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ವರ್ತಕನು ಸುಮ್ಮನೆ ಬರುವವನಲ್ಲ; ಹೊಸ ಊರಿನಲ್ಲಿ ಧಾನ್ಯದ ಧಾರಣೆ ಏನು, ಸುಂಕ ಎಷ್ಟು, ಕಂಬಳಿಗೆ ಗಿರಾಕಿ ಯಾರು ಎಂದು ವಿಚಾರಿಸಿಯೇ ಗಾಡಿ ಕಟ್ಟುವವನು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಹೊರಟ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ದಾರಿಯಲ್ಲೇ ಹಾದುಹೋದನು. ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಊರೂರಿನಲ್ಲಿಯೂ ಅವನು ತೂಕ ಯಾವುದು, ಅಳತೆ ಯಾವುದು, ನಾಣ್ಯ ಯಾವುದು ಎಂದು ಕೇಳಿ ಬರೆದುಕೊಂಡಿದ್ದಾನೆ. ಓದುವವರಿಗೆ ಬೇಸರ ತರಿಸುವ ಪುಟಗಳು ಅವು. ಆದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡುವವನಿಗೆ ಅದಕ್ಕಿಂತ ಬೇಕಾದ ಪುಟ ಬೇರೊಂದಿಲ್ಲ.

ಏಕೆಂದರೆ ಸೇರು ಎಂದರೆ ಎಲ್ಲೆಡೆ ಒಂದೇ ಸೇರಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಎಂದರೆ 24 ರೂಪಾಯಿಗಳ ತೂಕ. ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಪಕ್ಕಾ ಸೇರು ಎಂದರೆ 84 ರೂಪಾಯಿ ತೂಕದ ಧಾನ್ಯ ಹಿಡಿಸುವ ಅಳತೆ. ಸುಮಾರು 980 ಗ್ರಾಂ. ಬ್ರಿಟಿಷರ ರೈಲ್ವೆಯ ಸೇರು 80 ತೊಲ. ಮಣದ ಕಥೆ ಇನ್ನೂ ಸ್ವಾರಸ್ಯವಾದದ್ದು. ಮದರಾಸಿನ ಮಣ 25 ಪೌಂಡು, ಮುಂಬಯಿಯದು 28 ಪೌಂಡು, ರೈಲ್ವೆಯವರು ಹಿಡಿದ ಬಂಗಾಳದ ಮಣ 82 ಪೌಂಡಿಗೂ ಸ್ವಲ್ಪ ಹೆಚ್ಚು. ಬಳ್ಳಾರಿಯ ಕಡೆಯಿಂದ ಧಾರವಾಡದ ಕಡೆಗೆ ಹೋದ ಗೃಹಸ್ಥನು "ಅಲ್ಲಿ ಬೆಲ್ಲ ಮಣಕ್ಕೆ ಇಷ್ಟು, ಇಲ್ಲಿ ಇಷ್ಟು, ಇಲ್ಲಿ ತುಟ್ಟಿ" ಎಂದು ಹಣೆ ಚಚ್ಚಿಕೊಂಡರೆ, ತುಟ್ಟಿಯಾದದ್ದು ಬೆಲ್ಲವೋ ಮಣವೋ ಎಂದು ಮೊದಲು ಕೇಳಬೇಕಾಗಿತ್ತು. ಬೆಲೆ ಗೊತ್ತಿದ್ದು ಅಳತೆ ಗೊತ್ತಿಲ್ಲದವನು ಏನೂ ಗೊತ್ತಿಲ್ಲದವನಿಗಿಂತ ಹೆಚ್ಚು ಮೋಸ ಹೋಗುತ್ತಿದ್ದನು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದ ಕಿಲೋಗ್ರಾಂ ಈ ತೊಡಕನ್ನು ಬಿಡಿಸಿತು. ಆಗ ನಮ್ಮ ಅಜ್ಜಿಯರು ಅದನ್ನು ಶಪಿಸಿದರೆಂಬುದು ಬೇರೆ ಮಾತು.

ನಾಣ್ಯದ ವಿಷಯವೂ ಹೀಗೆಯೇ. 1956ರ ನವೆಂಬರ್ 1ರವರೆಗೆ ಕನ್ನಡಿಗರು ಒಂದು ರಾಜ್ಯದವರಾಗಿರಲಿಲ್ಲ ಎಂಬುದನ್ನು ಶಾಲೆಯಲ್ಲಿ ಓದಿದ್ದೀರಿ. ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ತುಂಗಭದ್ರೆಯನ್ನು ದಾಟಿ ರಾಣಿಬೆನ್ನೂರಿಗೆ ಕಾಲಿಟ್ಟರೆ ಅದು ಮುಂಬಯಿ ಪ್ರಾಂತ. ಬಳ್ಳಾರಿಯು 1953ರ ಅಕ್ಟೋಬರಿನವರೆಗೆ ಮದರಾಸಿನದು. ರಾಯಚೂರು, ಗುಲ್ಬರ್ಗ, ಬೀದರು ನಿಜಾಮರ ಹೈದರಾಬಾದಿಗೆ ಸೇರಿದ್ದವು. ನಿಜಾಮರಿಗೆ ತಮ್ಮದೇ ನಾಣ್ಯವಿತ್ತು. ಜನ ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಅಲ್ಲಿನ ಏಳು ರೂಪಾಯಿ ಇಲ್ಲಿನ ಆರು ರೂಪಾಯಿಗೆ ಸಮ. ರಾಯಚೂರಿನಲ್ಲಿ ಎಪ್ಪತ್ತು ರೂಪಾಯಿ ಸಂಬಳವೆಂದು ಹಿಗ್ಗಿ ಹೊರಟವನು, ಊರಿನಲ್ಲಿರುವ ತಾಯಿಗೆ ಹಣ ಕಳಿಸುವ ದಿನ ಅದು ಅರವತ್ತೇ ಎಂದು ತಿಳಿದು ಪೆಚ್ಚಾಗಬೇಕಾಗಿತ್ತು. ಅದರ ಮೇಲೆ ಗಡಿಯಲ್ಲಿ ಕರೋಡಗಿರಿಯ ನಾಕೆ. ಹೊರಗಿನಿಂದ ಬಂದ ಸರಕಿಗೆ ಸುಂಕ. ಆ ಸುಂಕ ಕೊನೆಗೆ ಅಂಗಡಿಯ ಬೆಲೆಯಲ್ಲಿ ಸೇರಿ ಗೃಹಿಣಿಯ ಸೆರಗಿನ ಗಂಟಿನಿಂದಲೇ ಹೋಗುತ್ತಿತ್ತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿಯೇ ನೂರು ನಯೇಪೈಸೆಯಾಯಿತು.

ಮೈಸೂರಿಗೂ ಮುಂಬಯಿ ಪ್ರಾಂತಕ್ಕೂ ನಾಣ್ಯ ಒಂದೇ ಆಗಿದ್ದುದರಿಂದ ಹರಿಹರದ ಹೊಳೆ ದಾಟುವುದು ಸುಲಭವೆಂದು ಜನ ತಿಳಿದಿದ್ದರು. 1868ರಲ್ಲಿ ಸೇತುವೆ ಆಗುವ ತನಕ ಹರಿಗೋಲು, ಅನಂತರ ಗಾಡಿ, 1880ರ ದಶಕದ ಕೊನೆಯ ಹೊತ್ತಿಗೆ ರೈಲು. ಈ ರೈಲು ಮಾಡಿದ ಉಪಕಾರವನ್ನು ಇಲ್ಲಿ ಹೇಳಲೇಬೇಕು. ರೈಲಿಲ್ಲದಾಗ ಒಂದು ಸೀಮೆಯಲ್ಲಿ ಜೋಳ ಸೋವಿ, ನಾಲ್ಕು ಹರದಾರಿಯಾಚೆ ಕೈಗೆಟುಕದು. 1876ರಿಂದ 78ರವರೆಗಿನ ಧಾತು ಈಶ್ವರದ ಬರದಲ್ಲಿ ಧಾನ್ಯ ಹೊರಬೇಕಾದ ಎತ್ತುಗಳೇ ಮೇವಿಲ್ಲದೆ ದಾರಿಯಲ್ಲಿ ಬಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಗೆ ಇಳಿದಿತ್ತು. ಆಗ ಊರು ಬಿಟ್ಟವರು ಲೆಕ್ಕ ಹಾಕಿ ಬಿಟ್ಟವರಲ್ಲ. ರೈಲು ಬಂದಮೇಲೆ ಧಾನ್ಯದ ಧಾರಣೆ ಊರಿಂದೂರಿಗೆ ಸುಮಾರಾಗಿ ಸಮನಾಗತೊಡಗಿತು. ಲೆಕ್ಕದ ಭಾರವೆಲ್ಲ ಮನೆಬಾಡಿಗೆ, ಸೌದೆ, ಹಾಲಿನ ಕಡೆಗೆ ಸರಿಯಿತು. ರೈಲಿನಲ್ಲಿ ತರಲಾಗದ್ದು ಇವೇ ಅಲ್ಲವೆ?

ಇದೇ ಕಾಲಕ್ಕೆ ಅಂಚೆಯೂ ಕೈಗೂಡಿತು. 1879ರಲ್ಲಿ ಕಾಲಾಣೆಯ ಕಾರ್ಡು, ಮರುವರ್ಷ ಮನಿಯಾರ್ಡರು. ಗಂಡಸು ಮೊದಲು ಒಬ್ಬನೇ ಹೋಗಿ ಖಾನಾವಳಿಯಲ್ಲಿ ಉಣ್ಣುತ್ತ, "ಇಲ್ಲಿ ಅಕ್ಕಿ ಇಷ್ಟು, ಸೌದೆ ಇಷ್ಟು, ಎರಡಂಕಣದ ಮನೆಗೆ ಇಷ್ಟು" ಎಂದು ಕಾರ್ಡು ಬರೆಯುವನು. ಹೆಂಗಸರು ಅದನ್ನು ಓದಿಸಿಕೊಂಡು ಕೇಳಿ, ಬರುವುದೋ ಬಿಡುವುದೋ ನಿರ್ಣಯಿಸುವರು. ಸರ್ಕಾರದ ಅಂಕಿಅಂಶದವರು ಈ ಕೆಲಸಕ್ಕೆ ಕೈಹಾಕಿದ್ದು ಬಹಳ ತಡವಾಗಿ. ಮುಂಬಯಿಯ ಕಾರ್ಮಿಕ ಕಚೇರಿಗಾಗಿ ಫಿಂಡ್ಲೆ ಶಿರಾಸ್ ಎಂಬವರು ಗಿರಣಿ ಕಾರ್ಮಿಕರೇ ಮೊದಲಾದವರ ಮನೆಖರ್ಚನ್ನು ವಿಚಾರಿಸಿ 1923ರಲ್ಲಿ ವರದಿ ಪ್ರಕಟಿಸಿದರು. ದುಡಿದದ್ದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೊಟ್ಟೆಗೇ ಹೋಗುತ್ತಿತ್ತೆಂದೂ, ಬಹುಪಾಲು ಸಂಸಾರಗಳು ಒಂದೇ ಕೋಣೆಯಲ್ಲಿ ಇರುತ್ತಿದ್ದವೆಂದೂ ಅದರಿಂದ ತಿಳಿಯಿತು. ಬಡವನಾದಷ್ಟೂ ವರಮಾನದಲ್ಲಿ ಅನ್ನದ ಪಾಲು ದೊಡ್ಡದೆಂದು ಜರ್ಮನಿಯ ಎಂಗೆಲ್ ಎಂಬ ಪಂಡಿತ 1857ರಲ್ಲಿಯೇ ಹೇಳಿದ್ದನು. ನಮ್ಮ ಕಡೆಯ ಯಾವ ಮುದುಕಿಯಾದರೂ ಅದನ್ನು ಪುಸ್ತಕವಿಲ್ಲದೆ ಹೇಳಬಲ್ಲಳು.

ಮುದುಕಿ ಎಂದಾಗ ನಮ್ಮ ಅಜ್ಜಿಯ ನೆನಪು. ಎರಡನೆಯ ಮಹಾಯುದ್ಧದ ಕಾಲ, 1944 ಇರಬೇಕು. ನಮ್ಮ ತಾತನಿಗೆ ಹೊಳೆಯಾಚೆ ಅರಳೆ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತೆಯ ಕೆಲಸ ದೊರೆಯಿತು. ಸಂಬಳ ಇಲ್ಲಿಗಿಂತ ಐದು ರೂಪಾಯಿ ಹೆಚ್ಚು. ತಾತ ಹಲಗೆಯ ಮೇಲೆ ಬಳಪದಲ್ಲಿ ಲೆಕ್ಕ ಹಾಕಿದರು. ಬಾಡಿಗೆ ಬರೆದರು, ಎಣ್ಣೆ ಬರೆದರು, ಉಪ್ಪು ಬರೆದರು. ರಾಗಿ ಜೋಳದ ಎದುರಿಗೆ ಸೊನ್ನೆ ಬರೆದರು. ಮಾಯಕೊಂಡದ ಹೊಲದಿಂದ ಸುಗ್ಗಿಗೆ ಎರಡು ಚೀಲ ತಂದರಾಯಿತಲ್ಲ! ಸೌದೆಯ ಎದುರಿಗೂ ಸೊನ್ನೆ. ಊರಿನಲ್ಲಿ ಸೌದೆಗೆ ಕಾಸು ಕೊಟ್ಟವರು ಯಾರು? ಮಜ್ಜಿಗೆಯನ್ನಂತೂ ಬರೆಯಲೇ ಇಲ್ಲ. ಪಕ್ಕದ ಮನೆಯಿಂದ ಚೊಂಬು ತುಂಬ ಬರುವ ಪದಾರ್ಥ ಲೆಕ್ಕದಲ್ಲಿ ಏರುವುದಾದರೂ ಹೇಗೆ?

ಹೋದಮೇಲೆ ಸೊನ್ನೆಗಳೆಲ್ಲ ಎದ್ದು ನಿಂತವು. ಯುದ್ಧಕಾಲದಲ್ಲಿ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಪರವಾನಗಿಯಿಲ್ಲದೆ ಧಾನ್ಯ ಸಾಗಿಸುವಂತಿರಲಿಲ್ಲ. ತಮ್ಮದೇ ಹೊಲದ ಜೋಳ ಹೊಳೆಯ ಈಚೆಯ ದಡದಲ್ಲಿ ಉಳಿಯಿತು. ಉಣ್ಣುವ ಬಾಯಿಗಳು ಆಚೆಯ ದಡದಲ್ಲಿದ್ದವು. ಸೌದೆಯನ್ನು ಹೊರೆಗಿಷ್ಟೆಂದು ಕೊಳ್ಳಬೇಕಾಯಿತು. ಬೆರಣಿಗೂ ಬೆಲೆ. ಮಗುವಿಗೆ ಜ್ವರ ಬಂದರೆ ಕಾಯುವ ಓರಗಿತ್ತಿಯಿಲ್ಲ, ಕೆಲಸದವಳಿಗೆ ಕಾಸು. ಐದು ರೂಪಾಯಿಯ ಹೆಚ್ಚಳ ಎರಡನೆಯ ತಿಂಗಳಿಗೇ ಕರಗಿತು. ಅಜ್ಜಿ ತವರಿನವರು ಕೊಟ್ಟ ಬೆಳ್ಳಿಯ ಡಾಬನ್ನು ಸಾಹುಕಾರನೊಬ್ಬನ ಬಳಿ ಅಡವಿಟ್ಟರು. ಎರಡು ವರ್ಷಕ್ಕೆ ಸಂಸಾರ ಮಾಯಕೊಂಡದ ರೈಲ್ವೆ ಸ್ಟೇಷನ್ನಿನಲ್ಲಿ ಮರಳಿ ಇಳಿಯಿತು, ಡಾಬು ಇಳಿಯಲಿಲ್ಲ. ಅಜ್ಜಿ ತಾತನನ್ನು ಅದಕ್ಕಾಗಿ ಬೈದದ್ದನ್ನು ನಾನು ಕೇಳಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಲೆಕ್ಕ ಬರೆಯುತ್ತಿದ್ದರೆ ಬಂದು ನಿಂತು, "ಸೊನ್ನೆ ಎಲ್ಲೆಲ್ಲಿ ಹಾಕೀಯಪ್ಪ, ಅದನ್ನ ಓದು" ಎನ್ನುತ್ತಿದ್ದರು.

ಎಲ್ಲರ ಲೆಕ್ಕವೂ ಹೀಗೆ ತಪ್ಪಿತೆಂದು ತಿಳಿಯಬಾರದು. ಹೊಳೆಯ ಆಚೆಯಿಂದ ಈಚೆಗೆ ಬಂದವರೂ ಇದ್ದಾರೆ. 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ದಾವಣಗೆರೆಯಲ್ಲಿ ದೋಸೆ ಹಾಕಿ ಬದುಕು ಕಟ್ಟಿದರೆಂದೂ, ಇಂದಿನ ಬೆಣ್ಣೆದೋಸೆಗೆ ಅದೇ ಮೂಲವೆಂದೂ ಊರಿನಲ್ಲಿ ಹೇಳಿಕೆಯಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣದ ಕಾರ್ಖಾನೆ ನಿಂತಿತು; ಹೊರಗಿನ ಸೀಮೆಗಳ ಕುಶಲ ಕೆಲಸಗಾರರೂ ಬಂದು ಸೇರಿದರು. ಆ ಕಾರ್ಖಾನೆ ಮುಚ್ಚಿ ಈಗ ಬಹಳ ವರ್ಷಗಳಾದವು. ದಾವಣಗೆರೆಯ ಹತ್ತಿ ಗಿರಣಿಗಳ ಸದ್ದೂ ಅಡಗಿದೆ. ಬಂದವರ ಊರಿನಿಂದ ಈಗ ಹೋಗುವವರು ಹೆಚ್ಚು.

ಇನ್ನು ಶಾಲೆಯ ಜಗಲಿಯಲ್ಲಿ ಕುಳಿತ ಆ ತಂದೆಯ ಮಾತಿಗೆ ಬರೋಣ. ಈಗ ನಾಣ್ಯ ಒಂದೇ, ತೂಕ ಒಂದೇ, ಧಾನ್ಯ ಒಯ್ಯಲು ತಡೆಯಿಲ್ಲ. ಸೊನ್ನೆಗಳು ಮಾತ್ರ ಬೇರೆ ವೇಷದಲ್ಲಿ ಉಳಿದಿವೆ. ನಾನು ಕಾಗದ ತೆಗೆದು ಕೇಳುತ್ತ ಹೋದೆ. ಪಡಿತರ? ಒಂದು ದೇಶ ಒಂದು ಪಡಿತರ ಚೀಟಿಯ ವ್ಯವಸ್ಥೆ 2020ರ ಜನವರಿಯಲ್ಲಿ ಕರ್ನಾಟಕ, ಗೋವಾ ಸೇರಿದಂತೆ 12 ರಾಜ್ಯಗಳಲ್ಲಿ ಜಾರಿಗೆ ಬಂತು. ಆದ್ದರಿಂದ 2013ರ ಕಾಯಿದೆಯಂತೆ ತಲೆಗೆ 5 ಕಿಲೋ ಧಾನ್ಯ ಅಲ್ಲಿಯೂ ಸಿಕ್ಕೀತು. ನಮ್ಮ ರಾಜ್ಯವು ಅದರ ಮೇಲೆ ತಾನಾಗಿ ಸೇರಿಸಿ ಕೊಡುವ ಅಕ್ಕಿ ಅಲ್ಲಿಗೆ ಬರುವುದಿಲ್ಲ. ಐದು ಜನರ ಸಂಸಾರಕ್ಕೆ ಅದೆಷ್ಟು ಕಿಲೋ ಎಂದು ಅವರೇ ಬೆರಳೆಣಿಸಿ ಸುಮ್ಮನಾದರು. ಕರೆಂಟು? 2023ರಲ್ಲಿ ಬಂದ ಗೃಹಜ್ಯೋತಿಯಿಂದ ಅವರ ಮನೆಗೆ ಬಿಲ್ಲೇ ಇಲ್ಲ. ಅಲ್ಲಿ ಬಾಡಿಗೆಯ ಖೋಲಿಗೆ ಬಿಲ್ಲು ಇರುತ್ತದೆ. ಅವರ ಹೆಂಡತಿ ದಾವಣಗೆರೆಗೆ ಕೆಲಸಕ್ಕೆ ಹೋಗಿಬರುವುದು ಸರ್ಕಾರಿ ಬಸ್ಸಿನಲ್ಲಿ, ಟಿಕೀಟಿಗೆ ಕಾಸಿಲ್ಲದೆ. ಗಡಿಯಾಚೆಗೆ ಆ ಸೌಲಭ್ಯ ಇಲ್ಲ. ಮನೆಯೊಡತಿಯ ಹೆಸರಿಗೆ ಬರುವ ಎರಡು ಸಾವಿರದ ಗತಿ ಏನಾಗುವುದೆಂದು ಹೊರಡುವ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಿ ಎಂದೆ. ಸ್ವಂತ ಮನೆ ಇಲ್ಲಿ ಇರುವುದರಿಂದ ಬಾಡಿಗೆಯ ಕಲ್ಪನೆಯೇ ಅವರಿಗೆ ಇರಲಿಲ್ಲ. ಅವರ ತಾಯಿಯನ್ನು ಇಲ್ಲಿಯೇ ಬಿಟ್ಟು ಹೋಗುವುದಾದರೆ ಎರಡು ಒಲೆಯ ಖರ್ಚು. ಹಬ್ಬಕ್ಕೆ, ಸಾವಿಗೆ, ಮದುವೆಗೆ ವರ್ಷದಲ್ಲಿ ಎಷ್ಟು ಸಲ ಬಂದುಹೋಗಬೇಕಾದೀತೆಂದು ಕೇಳಿದಾಗ ನಕ್ಕು, "ಅದಕ್ಕೆ ಲೆಕ್ಕ ಐತೇನ್ರಿ ಸಾರ್!" ಎಂದರು. ಅದಕ್ಕೇ ಮೊದಲು ಲೆಕ್ಕ ಬೇಕಾದದ್ದು ಎಂದೆ.

ಕೊನೆಗೆ ಹುಡುಗಿಯ ಶಾಲೆ. ಕನ್ನಡದಲ್ಲಿ ಚೆನ್ನಾಗಿ ಬರೆಯುವ ಮಗು. ಅಲ್ಲಿ ಹತ್ತಿರದಲ್ಲಿ ಕನ್ನಡ ಶಾಲೆ ಇದೆಯೇ, ಪ್ರೌಢಶಾಲೆಯೂ ಉಂಟೇ, ಇಲ್ಲದಿದ್ದರೆ ಎಂಟನೆಯ ತರಗತಿಯಲ್ಲಿ ಬೇರೆ ಮಾಧ್ಯಮಕ್ಕೆ ಹೇಗೆ ಹೊಂದಿಕೊಂಡಾಳು ಎಂದು ಕೇಳಿದೆ. ಇದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ನನಗೂ ತೋಚಲಿಲ್ಲ; ಕಾಗದದ ಅಂಚಿನಲ್ಲಿ ಹೆಸರು ಬರೆದು ಬಿಟ್ಟೆ.

ಅವರು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮೊದಲು ಒಬ್ಬರೇ ಹೋಗಿ ಎರಡು ತಿಂಗಳು ನೋಡಿ ಬರುವುದೆಂದು ಮನೆಯಲ್ಲಿ ಮಾತಾಗಿದೆಯಂತೆ. ಅಲ್ಲಿಂದ ಬೆಲೆಗಳನ್ನು ಫೋನಿನಲ್ಲಿ ಹೇಳುತ್ತಾರೆ. ಹುಡುಗಿ ತಾಯಿಯ ಪಕ್ಕದಲ್ಲಿ ಕುಳಿತು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಮೊನ್ನೆ ಅದನ್ನು ನನಗೆ ತಂದು ತೋರಿಸಿದಳು. ನೀರಿನ ಕ್ಯಾನಿಗೆ ಎಂದು ಒಂದು ಸಾಲು ಹೊಸದಾಗಿ ಸೇರಿತ್ತು. ವರ್ಗಾವಣೆ ಪತ್ರದ ಅರ್ಜಿ ನನ್ನ ಮೇಜಿನ ಖಾನೆಯಲ್ಲಿ ಹಾಗೆಯೇ ಇದೆ.