ಐದನೇ ಕ್ಲಾಸಿನ ಮಕ್ಕಳಿಗೆ ಬೋರ್ಡ್ ಪರೀಕ್ಷೆ: ಅರ್ಧಕ್ಕೆ ನಿಂತ ಆ ಮಾರ್ಚ್

ಉತ್ತರ ಕರ್ನಾಟಕದ ಹಿರಿಯರು ಈಗಲೂ ‘ಮುಲ್ಕಿ ಪರೀಕ್ಷೆ’ಯ ಮಾತು ತೆಗೆಯುತ್ತಾರೆ. ಅದು ಏಳನೇ ಇಯತ್ತೆಯ ಪರೀಕ್ಷೆ. ಪಾಸಾದವರಿಗೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು. ಅಂಜಿಕೆ ಇತ್ತು ನಿಜ, ಆದರೆ ಪರೀಕ್ಷೆಯಾಚೆ ಒಂದು ನೌಕರಿಯೂ ಇತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆ ಬೇರೆ ದಾರಿ ಹಿಡಿಯಿತು. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಫೇಲ್ ಮಾಡಬಾರದು, ಬೋರ್ಡ್ ಪರೀಕ್ಷೆ ಪಾಸಾಗಲೇಬೇಕೆಂದು ಹೇಳಬಾರದು ಎಂದಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯ ಕೊನೆಗೆ ಪರೀಕ್ಷೆ ನಡೆಸಲು ಹೇಳಿತು. ಬೋರ್ಡ್ ಪರೀಕ್ಷೆ ಬೇಡವೆಂಬ 30ನೇ ಕಲಮು ಮಾತ್ರ ಹಾಗೆಯೇ ಉಳಿಯಿತು. ಜಗಳ ಹುಟ್ಟಿದ್ದು ಇಲ್ಲೇ.

2023ರಲ್ಲಿ ನಮ್ಮ ಸರ್ಕಾರ 5 ಮತ್ತು 8ನೇ ತರಗತಿಗೆ ಮಂಡಳಿಯಿಂದಲೇ ಪ್ರಶ್ನೆಪತ್ರಿಕೆ ಕಳಿಸಲು ಹೊರಟಿತು. ಯಾರನ್ನೂ ಫೇಲ್ ಮಾಡುವುದಿಲ್ಲ, ಕಲಿಕೆ ಎಲ್ಲಿ ಹಿಂದಿದೆ ಎಂದು ನೋಡುತ್ತೇವೆ ಅಷ್ಟೇ ಎಂದಿತು. ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ನಡೆಸಿ ಎಂದಿತು. ಪರೀಕ್ಷೆ ಮಾರ್ಚ್ ಕೊನೆಗೆ ಹೋಯಿತು.

ಮರುವರ್ಷ 9 ಮತ್ತು 11ನೇ ತರಗತಿಗಳೂ ಸೇರಿದವು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಅನುಮತಿ ಕೊಟ್ಟಿತು. 11ಕ್ಕೆ ಐದನೇ ತರಗತಿಯವರ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ಆ ಅನುಮತಿಯನ್ನು ತೆಗೆದುಹಾಕಿತು. ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿತು, 25ರಿಂದ ಉಳಿದ ವಿಷಯಗಳ ಪರೀಕ್ಷೆ ನಡೆಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟಿತು: ಫಲಿತಾಂಶವನ್ನು ಪೋಷಕರಿಗೆ ತಿಳಿಸುವಂತಿಲ್ಲ, ಯಾವುದಕ್ಕೂ ಬಳಸುವಂತಿಲ್ಲ.

ಹತ್ತು ವರ್ಷದ ಮಗುವಿಗೆ ಕೋರ್ಟಿನ ಪೀಠಗಳ ಲೆಕ್ಕ ಗೊತ್ತಿಲ್ಲ. ‘ನಾಳೆ ಪರೀಕ್ಷೆ ಐತೋ ಇಲ್ಲೋ?’ ಎಂಬುದಷ್ಟೇ ಅದರ ಪ್ರಶ್ನೆ. ಓದಿದ್ದನ್ನೇ ಮತ್ತೆ ಓದಿ, ಬರೆದು, ಕೊನೆಗೆ ಏನಾಯಿತೆಂದೂ ತಿಳಿಯಲಿಲ್ಲ.

ಸರ್ಕಾರದ ಮಾತಿನಲ್ಲೂ ಹುರುಳಿದೆ. ಐದನೇ ಕ್ಲಾಸಿಗೆ ಬಂದರೂ ಕನ್ನಡ ಓದಲು ತಡವರಿಸುವ ಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. ಆದರೆ ಹಾಗಾಗಲು ಮೇಷ್ಟ್ರು ಸಾಲದಿರುವುದು, ಒಬ್ಬರೇ ಮೂರು ತರಗತಿ ನೋಡುವುದು ಕೂಡ ಕಾರಣ. ಅಳೆಯಬೇಕಾದ್ದು ಶಾಲೆಯನ್ನು. ಅಂಜಿಕೆ ಹೊತ್ತದ್ದು ಮಗು.

ನಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ‘ನಮ್ಮ ಹುಡುಗನಿಗೆ ಎಷ್ಟು ಅಂಕ?’ ಎನ್ನುವ ಮೊದಲು ‘ಎಷ್ಟು ಜನ ಮೇಷ್ಟ್ರಿದ್ದಾರೆ?’ ಎಂದು ಕೇಳೋಣ.