ಹಾಲಿ ಸಿಕ್ಕಾ, ಕಲ್ದಾರ ಮತ್ತು ಜಾವಾ 8

ಕಳೆದ ದೀಪಾವಳಿಗೆ ಸೇಡಂಗೆ ಹೋದಾಗಲೂ ಲ್ಯಾಪ್‌ಟಾಪ್ ಬಿಡಲಿಲ್ಲ. ನಮ್ಮ ಪ್ರಾಡಕ್ಟ್ ಇವತ್ತಿಗೂ ಜಾವಾ 8ರ ಮೇಲೇ ಓಡುತ್ತಿದೆ. ಅದನ್ನು ಜಾವಾ 17ಕ್ಕೆ ಒಯ್ಯೋಣ ಅಂತ ನಾನು, 'ಈ ಕ್ವಾರ್ಟರ್ ಬೇಡ' ಅಂತ ಮ್ಯಾನೇಜರ್. ಎರಡು ವರ್ಷದಿಂದ ಇದೇ ಮಾತು. ಕಾಲ್ ಮುಗಿಸಿ ಎದ್ದಾಗ ಪಡಸಾಲೆಯಲ್ಲಿ ಕೂತಿದ್ದ ಮುತ್ಯಾ ಕೇಳಿದ, "ಏನ್ ತಮ್ಮಾ, ಅಷ್ಟೊತ್ತು ಜಗಳ?"

"ಹಳೇದೊಂದು ಅದ ಮುತ್ಯಾ, ಹೊಸಾದು ಬಂದು ಭಾಳ ದಿನ ಆಯ್ತು. ಬದಲಿ ಮಾಡ್ಲಾಕ ಒಲ್ಲೆ ಅಂತಾರ."

ಮುತ್ಯಾ ನಕ್ಕ. "ನಮ್ಮ ಕಾಲದಾಗ ರೊಕ್ಕಾನೇ ಹಂಗಿತ್ತಲ್ಲೋ. ಹಾಲಿ ಸಿಕ್ಕಾ ಒಂದು, ಕಲ್ದಾರ ಒಂದು."

ಕತೆ ಇಷ್ಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲವೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಮೇಲೆ ಚಾರ್ಮಿನಾರ್ ಚಿತ್ರ. ಅದು ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮ ಕಡೆ ಕಲ್ದಾರ ಅನ್ನುತ್ತಿದ್ದರು. ಏಳು ಹಾಲಿ ಅಂದರೆ ಆರು ಕಲ್ದಾರ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಮರುದಿನವೇ ಹಳೇ ರೂಪಾಯಿ ಹೋಯಿತಾ? ಇಲ್ಲ. ಅದು ಪೂರ್ತಿಯಾಗಿ ರದ್ದಾಗಿದ್ದು 1959ರಲ್ಲಿ. ನಡುವೆ 1956ರ ನವೆಂಬರ್ 1ಕ್ಕೆ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ರಾಜ ಹೋದ, ರಾಜ್ಯ ಬದಲಾಯಿತು, ಲೆಕ್ಕದ ಪದ್ಧತಿಯೇ ಬದಲಾಯಿತು. ಹಳೇ ರೂಪಾಯಿ ಮಾತ್ರ ಹನ್ನೊಂದು ವರ್ಷ ನಡೆಯಿತು.

ಯಾಕೆ? ಕೂಲಿ ಹಾಲಿಯಲ್ಲಿ, ಬಡ್ಡಿ ಹಾಲಿಯಲ್ಲಿ, ಸಾಲಪತ್ರ ಹಾಲಿಯಲ್ಲಿ ಇದ್ದ ಊರಲ್ಲಿ ನಾಣ್ಯ ಒಂದನ್ನೇ ಬದಲಿಸಲು ಬರುವುದಿಲ್ಲ. ಅದರ ಮೇಲೆ ನಿಂತ ಪ್ರತಿ ಲೆಕ್ಕವನ್ನೂ ಬದಲಿಸಬೇಕು. ಜಾವಾ ಕತೆಯೂ ಇದೇ.

ಜಾವಾ 8 ಬಂದಿದ್ದು 2014ರ ಮಾರ್ಚ್‌ನಲ್ಲಿ. 2017ರಲ್ಲಿ ಬಂದ ಜಾವಾ 9 ಭಾಷೆಯ ಒಳಗನ್ನು ಮಾಡ್ಯೂಲ್‌ಗಳಾಗಿ ಒಡೆಯಿತು. ಎಷ್ಟೋ ಲೈಬ್ರರಿಗಳು ಹಿಂಬಾಗಿಲಿನಿಂದ ಬಳಸುತ್ತಿದ್ದ ಭಾಗಗಳಿಗೆ ಬೀಗ ಬೀಳತೊಡಗಿತು. ಜಾವಾ 11ರಲ್ಲಿ ಕೆಲವು ಭಾಗಗಳನ್ನು ಕಿತ್ತೇ ಹಾಕಿದರು. ಅಂದರೆ ನಿಮ್ಮ ಕೋಡ್ ಸರಿ ಇದ್ದರೂ, ನೀವು ನಂಬಿದ ಲೈಬ್ರರಿ, ಅದು ನಂಬಿದ ಇನ್ನೊಂದು ಲೈಬ್ರರಿ ಎಲ್ಲ ಸರಿಯಾಗಬೇಕು. ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ, ಟೆಸ್ಟ್‌ಗಳು ಇಲ್ಲ. ಹೊಸ ವರ್ಷನ್‌ಗೆ ಹೋದರೆ ಗ್ರಾಹಕನಿಗೆ ಕಣ್ಣಿಗೆ ಕಾಣುವ ಲಾಭ ಸೊನ್ನೆ, ಕೆಟ್ಟರೆ ಬೈಗುಳ ನಮಗೆ. ಹೀಗಿರುವಾಗ 'ಈ ಕ್ವಾರ್ಟರ್ ಬೇಡ' ಅನ್ನುವುದು ಸೋಮಾರಿತನ ಅಲ್ಲ, ಲೆಕ್ಕಾಚಾರ.

ಇನ್ನೊಂದು ಮಾತು. ಹಳೇ ವರ್ಷನ್ ಅಂದರೆ ಮೂಗು ಮುರಿಯುವ ನಾವು ಬೆಂಗಳೂರಲ್ಲಿ ಕೂತಿರುವುದಕ್ಕೆ ಹಳೇ ವರ್ಷನ್ನೂ ಒಂದು ಕಾರಣ. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳು ದಶಕಗಟ್ಟಲೆ ಕೋಬಾಲ್ ಬಿಡಲಿಲ್ಲ. ಇಸವಿಗೆ ಎರಡೇ ಅಂಕಿ ಇಟ್ಟಿದ್ದ ಆ ಕೋಡ್ 2000ಕ್ಕೆ ಮುರಿದು ಬೀಳುತ್ತೆ ಅಂತ ಗಾಬರಿಯಾದಾಗ ಸಾಲುಸಾಲು ರಿಪೇರಿ ಮಾಡಿಕೊಟ್ಟಿದ್ದು ಭಾರತದ ಕಂಪನಿಗಳು. ನಮ್ಮ ಐಟಿಯ ಬುನಾದಿಯಲ್ಲಿ ಆ ದುಡ್ಡೂ ಇದೆ.

ನಮ್ಮ ಕನ್ನಡವನ್ನೇ ನೋಡಿ. ಬರಹ, ನುಡಿ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗೆ ಕೂತಿದ್ದವು. ಫಾಂಟ್ ತೆಗೆದರೆ 'ಕನ್ನಡ' ಅನ್ನುವ ಪದವೇ ಇಂಗ್ಲಿಷಿನ 'ಪಿ'ಯಿಂದ ಶುರುವಾಗುವ ಗಜಿಬಿಜಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ಎಷ್ಟೋ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆ ಇಂದಿಗೂ ಹಳೇ ಫಾಂಟಿನಲ್ಲೇ ಆಗುತ್ತದೆ. ಹಳೇ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ, ಡಿಟಿಪಿ ಮಾಡುವವರ ಬೆರಳಿಗೆ ಅದೇ ಪೇಜ್‌ಮೇಕರ್ ಅಭ್ಯಾಸ. ನಷ್ಟ ಮಾತ್ರ ಕಾಣುವುದಿಲ್ಲ: ಆ ಫೈಲುಗಳಲ್ಲಿ ಒಂದು ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ.

ಹಾಗಾದರೆ ಹಳೇದೇ ಇರಲಿ ಬಿಡಿ ಅನ್ನೋಣವೇ? 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಕಳುವಾಯಿತು. ಕಳ್ಳರು ಒಳಬಂದಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಫ್ರೇಮ್‌ವರ್ಕ್‌ನ ಒಂದು ತೂತಿನಿಂದ. ಆ ತೂತಿಗೆ ತೇಪೆ ಮಾರ್ಚ್‌ನಲ್ಲೇ ಸಿಕ್ಕಿತ್ತು, ಕಳ್ಳತನ ಶುರುವಾಗಿದ್ದು ಮೇನಲ್ಲಿ. ತಡಮಾಡಿದ್ದು ಕಂಪನಿ, ಬೆಲೆ ತೆತ್ತವರು ಆ ಕಂಪನಿಯ ಹೆಸರನ್ನೂ ಸರಿಯಾಗಿ ಕೇಳಿರದ ಜನ.

ಮುತ್ಯಾನ ಕತೆ ಮತ್ತೆ ನೆನಪಾಗುವುದು ಇಲ್ಲೇ. ಹಾಲಿ ಸಿಕ್ಕಾ ಹನ್ನೊಂದು ವರ್ಷ ನಡೆದರೂ ಅದಕ್ಕೆ ಮೂರು ಕಟ್ಟುಪಾಡು ಇದ್ದವು. ಎರಡೂ ನಾಣ್ಯ ಜೊತೆಗೆ ಓಡುತ್ತಿದ್ದವು. ನಡುವೆ ಎಲ್ಲರಿಗೂ ಗೊತ್ತಿದ್ದ ಬದಲಿ ದರ ಇತ್ತು. ಮತ್ತೆ, ಕೊನೆಗೆ ಒಂದು ಗಡುವು ಬಂತು. ಪೈಥಾನ್ 2ರಿಂದ 3ಕ್ಕೆ ಜನ ದಾಟಿದ್ದೂ ಹೀಗೇ. ಪೈಥಾನ್ 3 ಬಂದಿದ್ದು 2008ರಲ್ಲಿ. ಎರಡೂ ವರ್ಷಾನುಗಟ್ಟಲೆ ಜೊತೆಗೆ ಓಡಿದವು, ಕೋಡ್ ಬದಲಿಸುವ ಸಲಕರಣೆಗಳಿದ್ದವು. 2015 ಅಂತಿದ್ದ ಗಡುವನ್ನು ಒಮ್ಮೆ ಮುಂದೂಡಿದರು, ಆದರೆ 2020ರ ಜನವರಿ 1ಕ್ಕೆ ಬಾಗಿಲು ಹಾಕಿದರು. ಜಾವಾ 8ಕ್ಕೆ ಅಂಥ ಒಂದೇ ಗಡುವು ಇಲ್ಲ. ಒರಾಕಲ್ ವ್ಯಾಪಾರಿ ಬಳಕೆಗೆ ಪುಕ್ಕಟೆ ಅಪ್‌ಡೇಟ್ ಕೊಡುವುದನ್ನು 2019ರ ಜನವರಿಗೆ ನಿಲ್ಲಿಸಿದರೂ ಬೇರೆಯವರು ಕೊಡುತ್ತಲೇ ಇದ್ದಾರೆ. ಹೊರಗಿನವರು ಗಡುವು ಹಾಕದಿದ್ದರೆ ನಾವೇ ಹಾಕಿಕೊಳ್ಳಬೇಕು.

"ಎಲ್ಲಾರೂ ಬದಲಿ ಮಾಡ್ಕೊಂಡ್ರಾ ಮುತ್ಯಾ?" ಅಂತ ಕೇಳಿದೆ.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮವ್ವ ಮಾಡ್ಲಿಲ್ಲ. ಗಡಿಗ್ಯಾಗ ಬಚ್ಚಿಟ್ಟಿದ್ಲು. ಯಾರಿಗೂ ಹೇಳಿರ್ಲಿಲ್ಲ. ಆಕಿ ಸತ್ತ ಮ್ಯಾಲ ಸಿಕ್ಕವು. ಬೆಳ್ಳಿ ನಾಣ್ಯ ಅಕ್ಕಸಾಲಿ ತೂಕಕ್ಕ ತಗೊಂಡ. ನೋಟು ಯಾತಕ್ಕೂ ಬರ್ಲಿಲ್ಲ."

ಓದು ಬರಹ ಇಲ್ಲದ ಹೆಣ್ಣುಮಗಳು. ಗಡುವು ಇತ್ತು, ಆಕೆಯವರೆಗೆ ತಲುಪಲಿಲ್ಲ. ದಾಟಿಸುವ ಕೆಲಸದಲ್ಲಿ ಇದೂ ಸೇರಿದೆ: ಯಾರ ಗಡಿಗೆಯಲ್ಲಿ ಏನಿದೆ ಅಂತ ಮೊದಲೇ ಹೋಗಿ ಕೇಳುವುದು.

ಬೆಂಗಳೂರಿಗೆ ಮರಳಿದ ಮೇಲೆ ಮ್ಯಾನೇಜರ್ ಹತ್ತಿರ ಜಾವಾ 17ರ ಗುಣಗಾನ ಮಾಡಲಿಲ್ಲ. ಎರಡೇ ಕೇಳಿದೆ. ನಮ್ಮ ಯಾವ ಗ್ರಾಹಕರು ಯಾವ ಹಳೇ ಭಾಗವನ್ನು ನೆಚ್ಚಿಕೊಂಡಿದ್ದಾರೆ ಅಂತ ಪಟ್ಟಿ ಮಾಡಲು ಎರಡು ವಾರ ಕೊಡಿ. ಮತ್ತೆ, ದೂರದ್ದಾದರೂ ಸರಿ, ಒಂದು ತಾರೀಖು ಕೊಡಿ.

ಎರಡು ವಾರ ಸಿಕ್ಕಿದೆ. ತಾರೀಖಿಗೆ ಇನ್ನೂ ಕಾಯುತ್ತಿದ್ದೇನೆ.